ಮಾಧ್ಯಮಿಕ ಶಾಲೆಯ ಮಕ್ಕಳೂ ಬಾಲಚರ ವಿದ್ಯೆಯೂ

ಸಂಜೆ ಪಾಠಶಾಲೆಯ ಗಂಟೆ ಬಾರಿಸಿದ ಮೇಲೆ ಮಗು ಏನು ಮಾಡಬೇಕೆಂಬ ಪ್ರಶ್ನೆಯನ್ನು ನಮ್ಮ ನಗರಗಳ ತಂದೆತಾಯಿಗಳು ಬಹು ಸುಲಭವಾಗಿ ಪರಿಹರಿಸಿಕೊಂಡಿದ್ದಾರೆ: ಇನ್ನೊಂದು ಪಾಠಕ್ಕೆ ಹೋಗಬೇಕು. ಗಣಿತಕ್ಕೆ ಒಬ್ಬರ ಮನೆ, ಇಂಗ್ಲಿಷಿಗೆ ಮತ್ತೊಬ್ಬರ ಮನೆ. ನಡುವೆ ಒಂದು ಗಂಟೆ ಉಳಿದರೆ ಸಂಗೀತವೋ ಚಿತ್ರಕಲೆಯೋ, ಅದೂ ಪರೀಕ್ಷೆಯ ದೃಷ್ಟಿಯಿಂದಲೇ. ಮಕ್ಕಳ ಹಿತವೇ ಇದಕ್ಕೆಲ್ಲ ಪ್ರೇರಣೆ ಎಂಬುದರಲ್ಲಿ ಸಂದೇಹವಿಲ್ಲ. ಆದರೆ ಈ ಏರ್ಪಾಟಿನಲ್ಲಿ ಬೆಳಗಿನಿಂದ ರಾತ್ರಿಯವರೆಗೆ ಮಗುವು ಯಾವನಾದರೊಬ್ಬ ಹಿರಿಯನ ಎದುರಿಗೆ ಕುಳಿತೇ ಇರುತ್ತದೆ. ತನ್ನ ಓರಗೆಯವರೊಡನೆ ಕೂಡಿ ತಾನೇ ನಿಶ್ಚಯಿಸಿ, ತಾನೇ ನಡೆಸಿ, ಕೆಟ್ಟರೆ ತಾನೇ ಸರಿಪಡಿಸಬೇಕಾದ ಕೆಲಸ ಅದಕ್ಕೆ ಒಂದೂ ದೊರೆಯುವುದಿಲ್ಲ.

ಮಾಧ್ಯಮಿಕ ಶಾಲೆಯ ಮಕ್ಕಳೆಂದರೆ 11ರಿಂದ 14 ವರ್ಷದವರು. ಈ ವಯಸ್ಸಿನ ಸ್ವಭಾವವನ್ನು ತಿಳಿಯಲು ಮನಶ್ಶಾಸ್ತ್ರದ ಗ್ರಂಥಗಳನ್ನು ತೆರೆಯಬೇಕಾದದ್ದೇ ಇಲ್ಲ; ಯಾವುದಾದರೊಂದು ಬೀದಿಯ ಕೊನೆಯಲ್ಲಿ ಕಾಲುಗಂಟೆ ನಿಂತರೆ ಸಾಕು. ಲಗೋರಿಯಾಗಲಿ, ಚಿನ್ನಿದಾಂಡಾಗಲಿ, ಪಕ್ಕದ ಮನೆಯ ಮಾವಿನ ಮರಕ್ಕೆ ಲಗ್ಗೆಯಾಗಲಿ, ಮಕ್ಕಳು ಆರೇಳು ಮಂದಿಯ ಗುಂಪಾಗಿಯೇ ಹೊರಡುತ್ತಾರೆ. ಗುಂಪಿಗೊಬ್ಬ ನಾಯಕ, ಅವನನ್ನು ಯಾವ ಉಪಾಧ್ಯಾಯರೂ ನೇಮಿಸಿಲ್ಲ. ಗುಂಪಿಗೊಂದು ಗುಟ್ಟು, ಒಂದು ಸಿಳ್ಳು, ಒಂದು ನ್ಯಾಯಪದ್ಧತಿ. ಈ ಸಹಜ ಪ್ರವೃತ್ತಿಯನ್ನು ಅಡಗಿಸುವುದಕ್ಕೆ ಬದಲಾಗಿ ಅದನ್ನೇ ಶಿಕ್ಷಣದ ಸಾಧನವಾಗಿ ಮಾಡಿಕೊಂಡದ್ದು ಬಾಲಚರ ವಿದ್ಯೆಯ ಮುಖ್ಯವಾದ ವಿಶೇಷವೆಂದು ನಾವು ಎಣಿಸುತ್ತೇವೆ.

ಈ ವಿದ್ಯೆಯ ಪ್ರವರ್ತಕನಾದ ಬೇಡನ್ ಪೊವೆಲ್ ಸೈನ್ಯದ ಅಧಿಕಾರಿ. ದಕ್ಷಿಣ ಆಫ್ರಿಕದಲ್ಲಿ 1899ರಿಂದ 1900ರವರೆಗೆ ಮಾಫೆಕಿಂಗ್ ಪಟ್ಟಣವು ಮುತ್ತಿಗೆಗೆ ಸಿಕ್ಕಿದ್ದಾಗ ಅಲ್ಲಿಯ ಹುಡುಗರು ಓಲೆಗಳನ್ನು ಒಯ್ಯುತ್ತ ದೊಡ್ಡವರಂತೆಯೇ ಹೊಣೆ ಹೊತ್ತುದನ್ನು ಆತನು ಕಂಡಿದ್ದನು. 1907ರ ಆಗಸ್ಟಿನಲ್ಲಿ ಇಂಗ್ಲೆಂಡಿನ ಬ್ರೌನ್‌ಸೀ ಎಂಬ ಸಣ್ಣ ದ್ವೀಪದಲ್ಲಿ ಸುಮಾರು 20 ಮಂದಿ ಬಾಲಕರನ್ನು ಕೂಡಿಸಿ ಆತನು ಮೊದಲನೆಯ ಶಿಬಿರವನ್ನು ನಡೆಸಿದನು. ಅವರಲ್ಲಿ ಕೆಲವರು ಸಿರಿವಂತರ ಶಾಲೆಗಳಲ್ಲಿ ಓದುತ್ತಿದ್ದವರು, ಕೆಲವರು ಕೂಲಿಕಾರರ ಮನೆಯವರು. ಅವರನ್ನು ತೋಳ, ಕಾಗೆ, ಗೂಳಿ, ನೀರುಹಕ್ಕಿಗಳ ಹೆಸರಿನ ನಾಲ್ಕು ಕಿರುದಳಗಳಾಗಿ ವಿಂಗಡಿಸಿ, ಒಂದೊಂದಕ್ಕೂ ಒಬ್ಬ ಹುಡುಗನನ್ನೇ ನಾಯಕನನ್ನಾಗಿ ಮಾಡಲಾಯಿತು. ಮಾರನೆಯ ವರ್ಷ ಆತನ ಪುಸ್ತಕವು ಹದಿನೈದು ದಿನಗಳಿಗೊಂದರಂತೆ ಬಿಡಿ ಭಾಗಗಳಾಗಿ ಹೊರಟಿತು. ಅದನ್ನು ಕೊಂಡ ಹುಡುಗರು ದೊಡ್ಡವರಿಗಾಗಿ ಕಾಯದೆ ತಾವೇ ದಳಗಳನ್ನು ಕಟ್ಟಿಕೊಂಡರು. ಹುಡುಗಿಯರೂ ಸುಮ್ಮನಿರಲಿಲ್ಲ. 1909ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೆಸಿನಲ್ಲಿ ನಡೆದ ಬಾಲಚರರ ಮೇಳಕ್ಕೆ ಕೆಲವು ಹುಡುಗಿಯರು ಕರೆಯದೆಯೇ ಬಂದು ನಿಂತು, ತಾವೂ ಬಾಲಚರರೇ ಎಂದರು; ಗೈಡ್ ಸಂಸ್ಥೆಗೆ ಅದೇ ನಾಂದಿಯಾಯಿತು.

ಅದೇ 1909ರಲ್ಲಿ ಭಾರತದ ಮೊದಲನೆಯ ದಳವು ನಮ್ಮ ಬೆಂಗಳೂರಿನಲ್ಲಿಯೇ ಹುಟ್ಟಿತು. ಇದರಲ್ಲಿ ಹೆಮ್ಮೆಪಡುವ ಮೊದಲು ಇನ್ನೊಂದು ಸಂಗತಿಯನ್ನು ನೆನೆಯತಕ್ಕದ್ದು: ಆ ದಳಕ್ಕೆ ಭಾರತೀಯ ಬಾಲಕರಿಗೆ ಪ್ರವೇಶವಿರಲಿಲ್ಲ. ಅದು ಯುರೋಪಿಯನ್ನರ ಮತ್ತು ಆಂಗ್ಲೋ ಇಂಡಿಯನ್ನರ ಮಕ್ಕಳಿಗೆ ಮೀಸಲಾಗಿತ್ತು. ಸಕಲ ಬಾಲಚರರೂ ಸೋದರರೆಂದು ಸಾರುವ ಸಂಸ್ಥೆಯೊಂದು ಇಲ್ಲಿಯ ಮಕ್ಕಳನ್ನೇ ಬಾಗಿಲ ಹೊರಗೆ ನಿಲ್ಲಿಸಿತ್ತು. 1916–17ರ ಸುಮಾರಿಗೆ ಆನಿ ಬೆಸೆಂಟರು ಮದರಾಸಿನಲ್ಲಿ ಭಾರತೀಯ ಬಾಲಕರಿಗಾಗಿ ಬೇರೆ ಸಂಘವನ್ನು ಕಟ್ಟಿದರು. ಉತ್ತರದಲ್ಲಿ ಮದನಮೋಹನ ಮಾಳವೀಯರೂ ಹೃದಯನಾಥ ಕುಂಜ್ರೂ ಅವರೂ ಸೇವಾಸಮಿತಿಯ ದಳಗಳನ್ನು ನಿಲ್ಲಿಸಿದರು. 1921ರಲ್ಲಿ ಬೇಡನ್ ಪೊವೆಲ್ ಭಾರತಕ್ಕೆ ಬಂದಾಗ ಕೆಲವು ಸಂಘಗಳು ಒಂದಾದವು. ಕೆಲವು ಹೊರಗೇ ಉಳಿದವು. ದೇವರೊಡನೆ ಚಕ್ರವರ್ತಿಗೂ ನಿಷ್ಠೆಯನ್ನು ಕೋರುತ್ತಿದ್ದ ಪ್ರತಿಜ್ಞೆಯು ಎಲ್ಲರ ಬಾಯಿಗೂ ಸಲೀಸಾಗಿ ಬರುವಂತಹುದಾಗಿರಲಿಲ್ಲ. ಸ್ವಾತಂತ್ರ್ಯಾನಂತರ, 1950ರ ನವೆಂಬರ್ 7ರಂದು, ಭಾರತ್ ಸ್ಕೌಟ್ಸ್ ಮತ್ತು ಗೈಡ್ಸ್ ಎಂಬ ಒಂದೇ ಸಂಸ್ಥೆ ರೂಪುಗೊಂಡಿತು. ಮರುವರ್ಷ ಗೈಡ್ ಸಂಸ್ಥೆಯೂ ಅದರೊಳಕ್ಕೆ ಬಂದಿತು.

ಇತಿಹಾಸವು ಹಾಗಿರಲಿ. ಈ ವಿದ್ಯೆಯಿಂದ ಹನ್ನೆರಡು ವರ್ಷದ ಹುಡುಗನಿಗೆ ಆಗುವ ಲಾಭವೇನು? ಒಂದು ಸಣ್ಣ ವಿಷಯವನ್ನೇ ತೆಗೆದುಕೊಳ್ಳೋಣ: ಹಗ್ಗದ ಗಂಟು. ರೀಫ್ ಗಂಟೆಂಬುದು ಮೊದಲು ಕಲಿಯತಕ್ಕದ್ದು. ಎಡದ ತುದಿಯನ್ನು ಬಲದ ತುದಿಯ ಮೇಲೆ ಹಾಯಿಸಿ ಒಳಗಿನಿಂದ ತೆಗೆದು ಬಿಗಿಯಬೇಕು. ಅನಂತರ ಬಲದ ತುದಿಯನ್ನು ಎಡದ ಮೇಲೆ ಹಾಯಿಸಿ ಹಾಗೆಯೇ ಮಾಡಬೇಕು. ಸರಿಯಾದ ಗಂಟು ಚಪ್ಪಟೆಯಾಗಿ ಮಲಗುತ್ತದೆ. ಆದಕಾರಣವೇ ಗಾಯಕ್ಕೆ ಕಟ್ಟಿದ ಬಟ್ಟೆಗೆ ಅದನ್ನು ಹಾಕುತ್ತಾರೆ, ಮೈಗೆ ಒತ್ತುವುದಿಲ್ಲ, ಬೇಕಾದಾಗ ಬಿಚ್ಚಲೂ ಬರುತ್ತದೆ. ಎರಡು ಸಲವೂ ಎಡವನ್ನೇ ಬಲದ ಮೇಲೆ ಹಾಯಿಸಿದರೆ ನೋಟಕ್ಕೆ ಬಹುಮಟ್ಟಿಗೆ ಹಾಗೆಯೇ ಕಾಣುವ ಇನ್ನೊಂದು ಗಂಟಾಗುತ್ತದೆ. ಜಗ್ಗಿದರೆ ಅದು ಜಾರುತ್ತದೆ, ಇಲ್ಲವೆ ಬಿಚ್ಚಲಾರದಂತೆ ಸಿಕ್ಕಿಕೊಳ್ಳುತ್ತದೆ. ಇಲ್ಲಿ ನೂರಕ್ಕೆ ಮೂವತ್ತೈದು ಅಂಕ ಪಡೆದು ತೇರ್ಗಡೆಯಾಗುವ ಮಾತಿಲ್ಲ. ತಪ್ಪನ್ನು ಕೆಂಪು ಶಾಯಿ ತೋರಿಸುವುದಿಲ್ಲ, ಹಗ್ಗವೇ ತೋರಿಸುತ್ತದೆ. ಹುಡುಗನು ನಾಚದೆ, ಅಳದೆ, ಮತ್ತೆ ಕಟ್ಟುತ್ತಾನೆ. ತರಗತಿಯಲ್ಲಿ ಇಷ್ಟು ನಿರ್ವಿಕಾರವಾಗಿ ತಪ್ಪನ್ನು ತಿದ್ದಬಲ್ಲ ಉಪಾಧ್ಯಾಯರು ಎಷ್ಟು ಮಂದಿ!

ಕಿಮ್ ಆಟವೆಂಬುದೊಂದುಂಟು. ಕಿಪ್ಲಿಂಗನ ‘ಕಿಮ್’ ಕಾದಂಬರಿಯು 1901ರಲ್ಲಿ ಪ್ರಕಟವಾಯಿತು. ಅದರಲ್ಲಿ ಶಿಮ್ಲಾದ ರತ್ನವ್ಯಾಪಾರಿಯೊಬ್ಬನ ಅಂಗಡಿಯಲ್ಲಿ ನಾಯಕನಾದ ಬಾಲಕನು ಈ ಆಟವನ್ನು ಕಲಿಯುತ್ತಾನೆ. ಅದರಿಂದಲೇ ಈ ಹೆಸರು. ತಟ್ಟೆಯೊಂದರಲ್ಲಿ ಇಪ್ಪತ್ತು ಇಪ್ಪತ್ತನಾಲ್ಕು ಬಗೆಯ ವಸ್ತುಗಳನ್ನಿಟ್ಟು, ಒಂದು ನಿಮಿಷ ತೋರಿಸಿ, ಬಟ್ಟೆ ಮುಚ್ಚಿ, ನೆನಪಿನಿಂದ ಪಟ್ಟಿ ಬರೆಯಿಸುವುದು. ಬೀಗದ ಕೈ, ಹುಣಸೆ ಬೀಜ, ಗುಂಡಿ, ಲವಂಗ, ಹಳೆಯ ನಾಣ್ಯ, ಸೂಜಿ: ಕಾಸಿನ ಖರ್ಚಿಲ್ಲ. ಮೊದಲ ದಿನ ಏಳೆಂಟು ವಸ್ತುಗಳನ್ನು ಹೇಳಿದವನು ಕೆಲವು ವಾರಗಳಲ್ಲಿ ಪಟ್ಟಿಯನ್ನು ಬಹುಪಾಲು ತುಂಬಿಸುತ್ತಾನೆ. ಕಂಠಪಾಠದಿಂದ ಬೆಳೆಯುವ ಜ್ಞಾಪಕಶಕ್ತಿಗೆ ನಾವು ವಿರೋಧಿಗಳಲ್ಲ. ಆದರೆ ಕಣ್ಣಿನ ಜ್ಞಾಪಕವೆಂಬುದು ಬೇರೆಯೇ ಒಂದು ಶಕ್ತಿ, ಅದಕ್ಕೆ ನಮ್ಮ ವೇಳಾಪಟ್ಟಿಯಲ್ಲಿ ಸ್ಥಳವಿಲ್ಲ.

ಶಿಬಿರದ ಅಡುಗೆಯ ವಿಷಯವನ್ನು ಸ್ವಲ್ಪ ವಿಸ್ತರಿಸಿಯೇ ಹೇಳಬೇಕಾಗಿದೆ. ದಾವಣಗೆರೆಯ ಸಮೀಪದ ಕೊಂಡಜ್ಜಿಯ ಶಿಬಿರದಂತಹ ಕಡೆಗಳಲ್ಲಿ ಮಕ್ಕಳು ಮೂರು ಕಲ್ಲು ಹೂಡಿ ಒಲೆ ಹಚ್ಚುವುದನ್ನು ಕಲಿಯುತ್ತಾರೆ. ಹಸಿ ಸೌದೆ ಹೊಗೆಯುತ್ತದೆ. ಅನ್ನ ತಳ ಹಿಡಿಯುತ್ತದೆ. ಸಾರಿಗೆ ಇಬ್ಬರು ಬೇರೆ ಬೇರೆಯಾಗಿ ಉಪ್ಪು ಹಾಕಿರುತ್ತಾರೆ. ಪಾತ್ರೆಯ ಹೊರಮೈಗೆ ಮೊದಲೇ ಹಸಿಮಣ್ಣು ಬಳಿದರೆ ಮಸಿ ಸುಲಭವಾಗಿ ಬಿಡುತ್ತದೆಂದು ನಮ್ಮ ಅಜ್ಜಿಯರಿಗೆ ತಿಳಿದಿದ್ದುದನ್ನು ಅವರು ಎರಡನೆಯ ದಿನ ಪಾತ್ರೆ ಉಜ್ಜುವಾಗ ಕಂಡುಕೊಳ್ಳುತ್ತಾರೆ. ಇದಕ್ಕಿಂತ ದೊಡ್ಡ ಪಾಠ ಇನ್ನೊಂದಿದೆ. ಬೇರೆ ಬೇರೆ ಜಾತಿಯ, ಬೇರೆ ಬೇರೆ ಮನೆತನದ ಮಕ್ಕಳು ಒಂದೇ ಪಾತ್ರೆಯಲ್ಲಿ ಬೆಂದುದನ್ನು ಒಟ್ಟಿಗೆ ಕುಳಿತು ಉಣ್ಣುತ್ತಾರೆ. ಮಗನಿಗೆ ಹೊಗೆ ತಾಗೀತೆಂದು ಶಿಬಿರಕ್ಕೆ ಕಳುಹಿಸಲೊಲ್ಲದ ತಂದೆತಾಯಿಗಳಲ್ಲಿ ಎಷ್ಟೋ ಮಂದಿಗೆ ನಿಜವಾಗಿ ಅಡ್ಡಬರುವುದು ಹೊಗೆಯಲ್ಲ, ಈ ಪಂಕ್ತಿ.

ದೋಷಗಳೂ ಉಂಟು. ಅನೇಕ ಶಾಲೆಗಳಲ್ಲಿ ದಳವೆಂದರೆ ಅತಿಥಿಗಳು ಬಂದಾಗ ಸಮವಸ್ತ್ರ ತೊಡಿಸಿ ಬಿಸಿಲಿನಲ್ಲಿ ಸಾಲಾಗಿ ನಿಲ್ಲಿಸತಕ್ಕ ಮಕ್ಕಳೆಂದೇ ಅರ್ಥವಾಗಿದೆ. ಸಮವಸ್ತ್ರದ ಬೆಲೆಯನ್ನು ತೆರಲಾರದ ಮಗು ದೂರದಿಂದ ನೋಡುತ್ತದೆ. ಪಾಠದ ಹೊರೆಯನ್ನೇ ಹೊರಲಾರದ ಉಪಾಧ್ಯಾಯರ ಮೇಲೆ ದಳದ ಹೊರೆಯನ್ನೂ ಹೇರಲಾಗುತ್ತದೆ. ಪ್ರಥಮ ಸೋಪಾನ, ದ್ವಿತೀಯ ಸೋಪಾನ, ತೃತೀಯ ಸೋಪಾನಗಳು ಏಣಿಯ ಮೆಟ್ಟಿಲುಗಳಾಗುವುದಕ್ಕೆ ಬದಲು ಪ್ರಶಸ್ತಿಪತ್ರಗಳ ಕಂತೆಯಾಗುತ್ತವೆ. ಪಾಠೇತರ ವ್ಯವಸಾಯಕ್ಕೆ ಗೌರವ ತರಬೇಕೆಂದು ಅದಕ್ಕೂ ದರ್ಜೆ ಕೊಡುವ ಕ್ರಮವೊಂದನ್ನು ಕೇಂದ್ರೀಯ ಪರೀಕ್ಷಾಮಂಡಲಿಯು 2009ರಲ್ಲಿ ತಂದು 2017ರಲ್ಲಿ ಕೈಬಿಟ್ಟಿತು. ದರ್ಜೆ ಬಂದೊಡನೆ ಆಟವೂ ಪಾಠವಾಗುತ್ತದೆಂದು ನಮ್ಮ ಅಭಿಪ್ರಾಯ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು 6ರಿಂದ 8ನೆಯ ತರಗತಿಗಳ ಅವಧಿಯಲ್ಲಿ 10 ದಿನ ಪುಸ್ತಕದ ಚೀಲವಿಲ್ಲದೆ ಬಡಗಿ, ಕುಂಬಾರ, ತೋಟಗಾರರ ಬಳಿ ಕಲಿಯಲೆಂದು ಸೂಚಿಸಿರುವುದು ಸ್ವಾಗತಾರ್ಹ. ಆದರೆ ಹತ್ತೇ ದಿನ.

ದಳವಿಲ್ಲದ ಶಾಲೆಯಲ್ಲಿ ಏನು ಮಾಡಬಹುದು? ಸಮವಸ್ತ್ರವೂ ಪ್ರತಿಜ್ಞೆಯೂ ಇಲ್ಲದೆಯೇ ಕಿರುದಳದ ಪದ್ಧತಿಯನ್ನು ಅನುಸರಿಸಬಹುದು. ತರಗತಿಯನ್ನು ಆರೇಳು ಮಂದಿಯ ಗುಂಪುಗಳಾಗಿ ವಿಂಗಡಿಸಿ, ಒಂದಕ್ಕೆ ಕೈತೋಟವನ್ನು, ಒಂದಕ್ಕೆ ಗೋಡೆಯ ಪತ್ರಿಕೆಯನ್ನು, ಒಂದಕ್ಕೆ ಕುಡಿಯುವ ನೀರಿನ ವ್ಯವಸ್ಥೆಯನ್ನು ಒಪ್ಪಿಸಬೇಕು. ನಾಯಕರು ವಾರಕ್ಕೊಮ್ಮೆ ಸಭೆ ಸೇರಿ ತಮ್ಮ ಜಗಳಗಳನ್ನು ತಾವೇ ತೀರ್ಮಾನಿಸಿಕೊಳ್ಳಲಿ. ಉಪಾಧ್ಯಾಯರು ಆ ಸಭೆಯಲ್ಲಿ ಕೂತಿರಬಹುದು, ಕೇಳಿದ ಹೊರತು ಮಾತನಾಡಕೂಡದು. ಕೈತೋಟದ ಗುಂಪು ನೀರು ಹಾಕಲು ಮರೆತು ಬದನೆಯ ಸಸಿ ಬಾಡಿದರೆ ಬಾಡಲಿ. ಜವಾನನಿಂದ ನೀರು ಹಾಕಿಸಬಾರದು. ನಾಯಕನನ್ನು ಆರಿಸುವಾಗ ತರಗತಿಯಲ್ಲಿ ಮೊದಲನೆಯವನನ್ನೇ ಕರೆಯುವ ಅಭ್ಯಾಸವನ್ನೂ ಬಿಡಬೇಕು. ಅವನಿಗೆ ಮರ್ಯಾದೆಗೆ ಕೊರತೆಯಿಲ್ಲ. ಹಿಂದಿನ ಬೆಂಚಿನಲ್ಲಿ ಕುಳಿತಿದ್ದು, ಆಟದ ಬಯಲಿಗೆ ಬಂದಕೂಡಲೆ ಉಳಿದವರು ಯಾರ ಮುಖವನ್ನು ನೋಡುತ್ತಾರೋ ಆ ಹುಡುಗನನ್ನೋ ಹುಡುಗಿಯನ್ನೋ ಕರೆದು ನೀರಿನ ಕೋಣೆಯ ಬೀಗದ ಕೈಯನ್ನು ಕೊಡಬೇಕು.