ಲಾಭದ ಲೆಕ್ಕದೊಳಗೆ ನಾಲ್ಕು ಪ್ರಶ್ನೆಗಳು

ಜಿಲ್ಲಾ ಕೇಂದ್ರದ ಯಾವುದೇ ದೊಡ್ಡ ಹೋಟೆಲಿನ ಸಭಾಂಗಣದಲ್ಲಿ ವಾರಕ್ಕೊಮ್ಮೆ ಕಾಣಸಿಗುವ ದೃಶ್ಯವಿದು. ಗೋಡೆಯ ಮೇಲೆ ಹಲ್ಲುಚಕ್ರದ ಲಾಂಛನ, ಮೇಜಿನ ಮೇಲೆ ಪುಟ್ಟ ಗಂಟೆ, ಕೋಟಿನ ಕಾಲರಿಗೆ ಸಿಕ್ಕಿಸಿದ ಪಿನ್ನು. ಅಧ್ಯಕ್ಷರು ಗಂಟೆ ಬಾರಿಸಿದೊಡನೆ ಸಭೆ ಆರಂಭವಾಗುತ್ತದೆ. ಅಂದಿನ ಅತಿಥಿ ಒಬ್ಬ ಉದ್ಯಮಿ. ವಿಷಯ ‘ಬದಲಾವಣೆ ಮತ್ತು ಮೌಲ್ಯಗಳು’. ಕಾಲ ಬದಲಾಗುತ್ತಿದೆ, ನಾವೂ ಬದಲಾಗಬೇಕು, ಆದರೆ ಮೌಲ್ಯಗಳನ್ನು ಬಿಡಬಾರದು ಎಂಬ ಮಾತಿಗೆ ಚಪ್ಪಾಳೆ ಬೀಳುತ್ತದೆ. ಸ್ಮರಣಿಕೆ, ವಂದನಾರ್ಪಣೆ, ಊಟ. ಮರುದಿನ ಅಂಗಡಿಯ ಬಾಗಿಲು ತೆರೆದಾಗ ಆ ಮಾತು ಎಲ್ಲಿರುತ್ತದೆ?

ಈ ಪ್ರಶ್ನೆ ಹೊಸದಲ್ಲ. ವ್ಯಾಪಾರಿಗಳು ಒಂದೆಡೆ ಸೇರಿ ಮೌಲ್ಯದ ಮಾತನಾಡುವ ಈ ಸಂಪ್ರದಾಯಕ್ಕೆ ನೂರಕ್ಕೂ ಹೆಚ್ಚು ವರ್ಷಗಳ ಇತಿಹಾಸವಿದೆ. ಆ ಇತಿಹಾಸದಲ್ಲಿ ಮಾತು ಬರೀ ಮಾತಾಗಿ ಉಳಿದ ಸಂದರ್ಭಗಳೂ ಇವೆ, ಕೈಯಿಂದ ಹಣ ಬಿಚ್ಚಿಸಿದ ಸಂದರ್ಭಗಳೂ ಇವೆ.

ಷಿಕಾಗೋದಲ್ಲಿ ನಾಲ್ವರು

1905ರ ಫೆಬ್ರುವರಿ 23ರಂದು ಅಮೆರಿಕದ ಷಿಕಾಗೋ ನಗರದಲ್ಲಿ ನಾಲ್ವರು ಒಂದು ಕಚೇರಿಯಲ್ಲಿ ಸೇರಿದರು. ವಕೀಲ ಪಾಲ್ ಹ್ಯಾರಿಸ್, ಗಣಿ ಎಂಜಿನಿಯರ್ ಗುಸ್ತಾವಸ್ ಲೋಯರ್, ಕಲ್ಲಿದ್ದಲು ವ್ಯಾಪಾರಿ ಸಿಲ್ವೆಸ್ಟರ್ ಶೀಲೆ ಮತ್ತು ದರ್ಜಿ ಹೈರಮ್ ಶೋರಿ. ಸರದಿಯ ಮೇಲೆ ಒಬ್ಬೊಬ್ಬ ಸದಸ್ಯನ ಕಚೇರಿಯಲ್ಲಿ ಸಭೆ ಸುತ್ತಿ ಬರುತ್ತಿದ್ದುದರಿಂದ ‘ರೋಟರಿ’ ಎಂಬ ಹೆಸರು ಬಂತು. ಒಂದು ಕಸುಬಿಗೆ ಒಬ್ಬನೇ ಸದಸ್ಯ ಎಂಬುದು ನಿಯಮ. ಒಳಗೆ ಪೈಪೋಟಿ ಇರದಿದ್ದರೆ ಸ್ನೇಹ ಬೆಳೆಯುತ್ತದೆ, ಸ್ನೇಹದ ಜೊತೆಗೆ ವ್ಯಾಪಾರವೂ ಬೆಳೆಯುತ್ತದೆ ಎಂಬುದು ಅದರ ಹಿಂದಿನ ಲೆಕ್ಕ.

ಸೇವೆ ಎಂಬ ಮಾತು ಆಗ ಇರಲೇ ಇಲ್ಲ ಎಂದರೆ ಇಂದಿನ ಸದಸ್ಯರಿಗೆ ಆಶ್ಚರ್ಯವಾದೀತು. 1906ರ ನಿಯಮಾವಳಿಯ ಮೊದಲ ಉದ್ದೇಶ ಸದಸ್ಯರ ವ್ಯಾಪಾರ ಹಿತದ ವೃದ್ಧಿ, ಎರಡನೆಯದು ಸ್ನೇಹಕೂಟ. ಡೊನಾಲ್ಡ್ ಕಾರ್ಟರ್ ಎಂಬ ಪೇಟೆಂಟ್ ವಕೀಲರನ್ನು ಸದಸ್ಯರಾಗಲು ಕರೆದಾಗ ಅವರು ಈ ನಿಯಮಾವಳಿಯನ್ನು ಓದಿ ತಕರಾರು ತೆಗೆದರು. ತಮ್ಮವರಿಗೆ ಮಾತ್ರ ಉಪಕಾರ ಮಾಡಿಕೊಳ್ಳುವ ಕೂಟ ಬಹುಕಾಲ ಬಾಳದು, ಊರಿಗೂ ಅದರಿಂದ ಏನಾದರೂ ಆಗಬೇಕು ಎಂಬುದು ಅವರ ವಾದ. ನಗರದ ಹಿತ ಎಂಬ ಮೂರನೆಯ ಉದ್ದೇಶ ಸೇರಿದ್ದು ಆಮೇಲೆ. ಅದರ ಫಲವಾಗಿ ಕೈಗೊಂಡ ಮೊದಲ ದೊಡ್ಡ ಕೆಲಸ ಷಿಕಾಗೋ ನಗರಕ್ಕೆ ಸಾರ್ವಜನಿಕ ಶೌಚಾಲಯ ಕಟ್ಟಿಸಲು ನಡೆಸಿದ ಪ್ರಯತ್ನ. ಜಗತ್ತಿನಾದ್ಯಂತ ಹಬ್ಬಿದ ಸೇವಾ ಸಂಸ್ಥೆಯ ಹುಟ್ಟಿನಲ್ಲಿ ಹೊರಗಿನವರೊಬ್ಬರ ಆಕ್ಷೇಪಣೆಗೆ ಇಷ್ಟು ದೊಡ್ಡ ಪಾಲಿದೆ. 1917ರಲ್ಲಿ ಅದೇ ಊರಿನ ವಿಮಾ ವ್ಯವಹಾರಸ್ಥ ಮೆಲ್ವಿನ್ ಜೋನ್ಸ್ ಲಯನ್ಸ್ ಸಂಸ್ಥೆಯನ್ನು ಕಟ್ಟಿದ್ದೂ ವ್ಯಾಪಾರಿಗಳು ತಮ್ಮ ಲಾಭದಾಚೆಗೆ ನೋಡಬೇಕೆಂಬ ಇಂಥದೇ ಹಂಬಲದಿಂದ.

ಒಂದು ಭಾಷಣ, ಒಂದು ಘೋಷವಾಕ್ಯ

1910ರಲ್ಲಿ ಷಿಕಾಗೋದಲ್ಲಿಯೇ ಅಮೆರಿಕದ ರೋಟರಿ ಕ್ಲಬ್ಬುಗಳ ಮೊದಲ ಸಮ್ಮೇಳನ ನಡೆಯಿತು. ಮಾರಾಟ ಕಲೆಯನ್ನು ಕಲಿಸುವ ಶಾಲೆ ನಡೆಸುತ್ತಿದ್ದ ಆರ್ಥರ್ ಫ್ರೆಡರಿಕ್ ಶೆಲ್ಡನ್ ಅಲ್ಲಿ ಮಾತನಾಡಿದರು. ಗ್ರಾಹಕನ ಕಣ್ಣಿಗೆ ಮಣ್ಣೆರಚಿ ಮಾರುವುದೇ ಜಾಣತನ ಎಂದು ಅನೇಕರು ನಂಬಿದ್ದ ಕಾಲವದು. ವ್ಯಾಪಾರವೆಂದರೆ ಮನುಷ್ಯರ ಸೇವೆಯ ಶಾಸ್ತ್ರ, ಹೆಚ್ಚು ಚೆನ್ನಾಗಿ ಸೇವೆ ಮಾಡಿದವನಿಗೇ ಹೆಚ್ಚು ಲಾಭ ಎಂಬುದು ಶೆಲ್ಡನ್ ಅವರ ಪ್ರತಿಪಾದನೆ. ಮರುವರ್ಷ ಪೋರ್ಟ್‌ಲೆಂಡ್ ಸಮ್ಮೇಳನದಲ್ಲಿ ಅದು ರೋಟರಿಯ ಘೋಷವಾಕ್ಯವಾಯಿತು.

ಟೀಕೆಗೂ ಕೊರತೆಯಿರಲಿಲ್ಲ. ಸಿಂಕ್ಲೇರ್ ಲೂಯಿಸ್ 1922ರಲ್ಲಿ ಬರೆದ ‘ಬ್ಯಾಬಿಟ್’ ಕಾದಂಬರಿ ಇಂಥ ಕೂಟಗಳನ್ನೇ ಲೇವಡಿ ಮಾಡಿತು. ಊಟದ ಮೇಜಿನಲ್ಲಿ ಆದರ್ಶದ ಮಾತು, ಮನೆ ನಿವೇಶನಗಳ ದಳ್ಳಾಳಿಯಲ್ಲಿ ಒಳವ್ಯವಹಾರ; ಇದು ಆ ಕಾದಂಬರಿಯ ನಾಯಕನ ಬದುಕು. ಒಳ್ಳೆಯತನದಿಂದ ಲಾಭ ಬರುತ್ತದೆ ಎನ್ನುವುದಾದರೆ, ಲಾಭ ಬಾರದ ದಿನ ಒಳ್ಳೆಯತನದ ಗತಿ ಏನು? ಘೋಷವಾಕ್ಯದ ದೌರ್ಬಲ್ಯವಿರುವುದು ಇಲ್ಲಿಯೇ. ಅಂಥ ದಿನಗಳು ಬರಲು ಬಹುಕಾಲ ಬೇಕಾಗಲಿಲ್ಲ.

ಮುಳುಗುವ ಕಂಪನಿಯಲ್ಲಿ

1929ರಲ್ಲಿ ಷೇರುಪೇಟೆ ಕುಸಿಯಿತು. ಮೂರು ವರ್ಷಗಳ ಬಳಿಕ, 1932ರಲ್ಲಿ, ಷಿಕಾಗೋದ ಕ್ಲಬ್ ಅಲ್ಯೂಮಿನಂ ಎಂಬ ಅಡುಗೆ ಪಾತ್ರೆಗಳ ಕಂಪನಿ ದಿವಾಳಿಯ ಅಂಚಿನಲ್ಲಿತ್ತು. ಅದರ ಸಾಲ ಆಸ್ತಿಯನ್ನು 4 ಲಕ್ಷ ಡಾಲರಿನಷ್ಟು ಮೀರಿತ್ತು. ಸುಮಾರು 250 ಮಂದಿಯ ನೌಕರಿ ತೂಗುಯ್ಯಾಲೆಯಲ್ಲಿತ್ತು. ಈ ಕಂಪನಿಯನ್ನು ಉಳಿಸುವ ಹೊಣೆ ಹೊತ್ತವರು ಹರ್ಬರ್ಟ್ ಟೇಲರ್ ಎಂಬ ರೋಟರಿ ಸದಸ್ಯರು. ಬೇರೊಂದು ಕಂಪನಿಯಲ್ಲಿದ್ದ ಭದ್ರವಾದ ಹುದ್ದೆ ಬಿಟ್ಟು, ಸಂಬಳದಲ್ಲಿ ಶೇ 80ರಷ್ಟು ಕಡಿತ ಒಪ್ಪಿಕೊಂಡು, ತಮ್ಮದೇ 6,100 ಡಾಲರ್ ಹಾಕಿ ಅವರು ಬಂದರು.

ಪ್ರತಿಸ್ಪರ್ಧಿಗಳ ಪಾತ್ರೆಗಳೂ ಚೆನ್ನಾಗಿಯೇ ಇದ್ದವು; ಹಣವಂತೂ ಅವರಲ್ಲಿ ಹೆಚ್ಚೇ ಇತ್ತು. ತಮ್ಮ ಕಂಪನಿಗೆ ಬೇರೆಯವರಲ್ಲಿಲ್ಲದ ಏನನ್ನು ಕೊಡಬಹುದು ಎಂದು ಯೋಚಿಸಿದ ಟೇಲರ್ ಅವರಿಗೆ ಹೊಳೆದದ್ದು ನಂಬಿಕೆ. ನೌಕರರೆಲ್ಲ ನೆನಪಿಟ್ಟುಕೊಳ್ಳಬಹುದಾದ ಅಳತೆಗೋಲೊಂದನ್ನು ಅವರು ಬರೆಯತೊಡಗಿದರು. ಮೊದಲು ಸುಮಾರು 100 ಪದಗಳಾದವು. ಅದು ಏಳು ಅಂಶಗಳಿಗೆ ಇಳಿದು, ಕೊನೆಗೆ ನಾಲ್ಕು ಪ್ರಶ್ನೆಗಳಲ್ಲಿ ನಿಂತಿತು. ಆಡುವ ಮಾತು, ಮಾಡುವ ಕೆಲಸ ಸತ್ಯವೇ? ಸಂಬಂಧಪಟ್ಟ ಎಲ್ಲರಿಗೂ ನ್ಯಾಯವೇ? ಅದರಿಂದ ಸದ್ಭಾವ, ಸ್ನೇಹ ಬೆಳೆಯುವುದೇ? ಎಲ್ಲರಿಗೂ ಹಿತವಾಗುವುದೇ? ಇದೇ ‘ಚತುರ್ವಿಧ ಪರೀಕ್ಷೆ’. ಕ್ಯಾಥೊಲಿಕ್, ಯಹೂದಿ ಸೇರಿದಂತೆ ಬೇರೆ ಬೇರೆ ಮತಕ್ಕೆ ಸೇರಿದ ನಾಲ್ವರು ವಿಭಾಗ ಮುಖ್ಯಸ್ಥರನ್ನು ಕರೆದು, ಇದರಲ್ಲಿ ನಿಮ್ಮ ನಂಬಿಕೆಗೆ ವಿರುದ್ಧವಾದುದು ಏನಾದರೂ ಇದೆಯೇ ಎಂದು ಟೇಲರ್ ಕೇಳಿದರು. ಇಲ್ಲ ಎಂದರು ಎಲ್ಲರೂ.

ಮೊದಲ ಪೆಟ್ಟು ಬಿದ್ದದ್ದು ಕಂಪನಿಯ ಸ್ವಂತ ಜಾಹೀರಾತುಗಳಿಗೆ. ‘ಅತ್ಯುತ್ತಮ’, ‘ಸರ್ವಶ್ರೇಷ್ಠ’ ಎಂಬ ಮಾತುಗಳನ್ನು ಸಾಬೀತು ಮಾಡುವುದು ಹೇಗೆ? ಅವುಗಳನ್ನು ತೆಗೆದುಹಾಕಿ ಪಾತ್ರೆಯ ಗುಣಗಳನ್ನಷ್ಟೇ ಹೇಳಲಾಯಿತು. ಮುಂದಿನ ಪರೀಕ್ಷೆ ಇನ್ನೂ ಕಠಿಣವಾಗಿತ್ತು. ಅತಿ ಕಡಿಮೆ ದರ ನಮೂದಿಸಿ ಕೆಲಸ ಪಡೆದ ಮುದ್ರಕನೊಬ್ಬ ಲೆಕ್ಕದಲ್ಲಿ 500 ಡಾಲರ್ ತಪ್ಪಿದ್ದ. ಕರಾರಿಗೆ ಸಹಿಯಾಗಿತ್ತು, ಕಾನೂನಿನ ಪ್ರಕಾರ ಹೆಚ್ಚಿಗೆ ಕೊಡಬೇಕಾಗಿರಲಿಲ್ಲ. ಸಾಲದಲ್ಲಿ ಮುಳುಗಿದ ಕಂಪನಿಗೆ ಆ 500 ಡಾಲರ್ ಸಣ್ಣ ಮೊತ್ತವೂ ಅಲ್ಲ. ಆದರೂ ಎರಡನೆಯ ಪ್ರಶ್ನೆಯ ಮುಂದೆ ಕರಾರು ನಿಲ್ಲಲಿಲ್ಲ; ಮುದ್ರಕನಿಗೆ ಹಣ ಸಂದಿತು.

ಇನ್ನೊಮ್ಮೆ 50,000 ಪಾತ್ರೆಗಳ ಬೇಡಿಕೆ ಬರುವ ಸೂಚನೆ ಸಿಕ್ಕಿತು. ವ್ಯಾಪಾರವಿಲ್ಲದೆ ಒಣಗಿದ್ದ ಕಂಪನಿಗೆ ಅದು ಮಳೆಯಂತೆ. ಆದರೆ ಕೊಳ್ಳುವವನು ಅವುಗಳನ್ನು ತೀರ ಅಗ್ಗವಾಗಿ ಮಾರುವವನಿದ್ದ. ಹಾಗಾದರೆ ವರ್ಷಗಳಿಂದ ಈ ಪಾತ್ರೆಗಳನ್ನೇ ನಂಬಿ ಪ್ರಚಾರ ಮಾಡಿದ ಸಣ್ಣ ವ್ಯಾಪಾರಿಗಳ ಗತಿ? ಬೇಡಿಕೆಯನ್ನು ನಿರಾಕರಿಸಲಾಯಿತು. 1937ರ ಹೊತ್ತಿಗೆ ಕಂಪನಿಯ ಸಾಲವೆಲ್ಲ ತೀರಿತು. ಮುಂದಿನ 15 ವರ್ಷಗಳಲ್ಲಿ ಷೇರುದಾರರಿಗೆ 10 ಲಕ್ಷ ಡಾಲರಿಗೂ ಹೆಚ್ಚು ಲಾಭಾಂಶ ಹಂಚಿತು. 1943ರಲ್ಲಿ ರೋಟರಿ ಸಂಸ್ಥೆ ಈ ಪರೀಕ್ಷೆಯನ್ನು ತನ್ನದಾಗಿಸಿಕೊಂಡಿತು. ಸಂಸ್ಥೆಗೆ 50 ವರ್ಷ ತುಂಬಿದ 1954–55ರ ಸಾಲಿನಲ್ಲಿ ಟೇಲರ್ ಅವರೇ ಅದರ ಅಂತರರಾಷ್ಟ್ರೀಯ ಅಧ್ಯಕ್ಷರಾದರು.

ಕೊನೆಗೆ ಲಾಭ ಬಂತು, ನಿಜ. ಆದರೆ ಮುದ್ರಕನಿಗೆ ಹಣ ಕೊಟ್ಟ ದಿನ, ಬೇಡಿಕೆ ನಿರಾಕರಿಸಿದ ದಿನ, ಲಾಭ ಬಂದೇ ಬರುತ್ತದೆಂದು ಯಾರಿಗೂ ಗೊತ್ತಿರಲಿಲ್ಲ. ಲೂಯಿಸ್ ಅವರ ಲೇವಡಿಗೆ ಉತ್ತರವಿದ್ದರೆ ಅದು ಆ ಎರಡು ದಿನಗಳಲ್ಲಿದೆ.

ತನಗೇ ತಿರುಗಿದ ಪ್ರಶ್ನೆ

ಪರೀಕ್ಷೆಯನ್ನು ಪರರಿಗೆ ಒಡ್ಡುವುದು ಸುಲಭ, ತನಗೆ ಒಡ್ಡಿಕೊಳ್ಳುವುದು ಕಷ್ಟ. ‘ಎಲ್ಲರಿಗೂ ನ್ಯಾಯವೇ?’ ಎಂದು ವಾರ ವಾರ ಕೇಳಿಕೊಳ್ಳುತ್ತಿದ್ದ ಸಭೆಗಳಲ್ಲಿ ಮಹಿಳೆಯರಿಗೆ ಸದಸ್ಯತ್ವವೇ ಇರಲಿಲ್ಲ. ಸದಸ್ಯರ ಪತ್ನಿಯರು 1924ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರ್‌ನಲ್ಲಿ ಹುಟ್ಟುಹಾಕಿದ ‘ಇನ್ನರ್ ವ್ಹೀಲ್’ ಪ್ರತ್ಯೇಕ ಸಂಸ್ಥೆಯಾಗಿಯೇ ಬೆಳೆಯಿತು.

1977ರಲ್ಲಿ ಕ್ಯಾಲಿಫೋರ್ನಿಯಾದ ಡುವಾರ್ಟೆ ಎಂಬ ಊರಿನ ಪುಟ್ಟ ಕ್ಲಬ್ಬು ಮೂವರು ಮಹಿಳೆಯರನ್ನು ಸೇರಿಸಿಕೊಂಡಿತು. ಮರುವರ್ಷ ಕೇಂದ್ರ ಸಂಸ್ಥೆ ಆ ಕ್ಲಬ್ಬಿನ ಮಾನ್ಯತೆಯನ್ನೇ ರದ್ದುಮಾಡಿತು. ಊರವರು ‘ಡುವಾರ್ಟೆಯ ಮಾಜಿ ರೋಟರಿ ಕ್ಲಬ್’ ಎಂದು ಹೆಸರಿಟ್ಟುಕೊಂಡು ಸಭೆ ನಡೆಸಿದರು, ನ್ಯಾಯಾಲಯದ ಮೆಟ್ಟಿಲನ್ನೂ ಏರಿದರು. 1987ರ ಮೇ 4ರಂದು ಅಮೆರಿಕದ ಸುಪ್ರೀಂ ಕೋರ್ಟು ಅವರ ಪರವಾಗಿ ತೀರ್ಪಿತ್ತಿತು. ಅದೇ ವರ್ಷ ಶಾಲಾ ಮುಖ್ಯೋಪಾಧ್ಯಾಯಿನಿ ಸಿಲ್ವಿಯಾ ವಿಟ್ಲಾಕ್ ಆ ಕ್ಲಬ್ಬಿನ ಅಧ್ಯಕ್ಷೆಯಾದರು. ‘ಪುರುಷರು ಮಾತ್ರ’ ಎಂಬ ನಿಯಮ 1989ರಲ್ಲಿ ಹೋಯಿತು. ಶೆಲ್ಡನ್ ಅವರ ಘೋಷವಾಕ್ಯದಲ್ಲಿದ್ದ ‘ಅವನು’ ಎಂಬ ಪದವನ್ನು 2004ರಲ್ಲಿ ಕೈಬಿಡಲಾಯಿತು. ಮಹಿಳೆಯೊಬ್ಬರು, ಕೆನಡಾದ ಜೆನಿಫರ್ ಜೋನ್ಸ್, ಅಂತರರಾಷ್ಟ್ರೀಯ ಅಧ್ಯಕ್ಷರಾಗಲು 2022 ಬರಬೇಕಾಯಿತು. ಬದಲಾವಣೆಯ ಬಗ್ಗೆ ಭಾಷಣ ಕೇಳುವ ಸಭೆಯೂ ತಾನು ಬದಲಾಗುವಾಗ ಎಷ್ಟು ನಿಧಾನಿಸುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ನಮ್ಮ ನೆಲದಲ್ಲಿ

ಭಾರತಕ್ಕೆ ರೋಟರಿ ಬಂದದ್ದು 1919ರಲ್ಲಿ, ಕಲ್ಕತ್ತದ ಮೂಲಕ, ಬೆಂಗಳೂರಿಗೆ 1934ರಲ್ಲಿ. ಕಲ್ಕತ್ತದ ನಿತೀಶ್ ಲಾಹಿರಿ 1962–63ರಲ್ಲಿ ಏಷ್ಯಾದಿಂದ ಆಯ್ಕೆಯಾದ ಮೊದಲ ಅಂತರರಾಷ್ಟ್ರೀಯ ಅಧ್ಯಕ್ಷರಾದರು. 1985ರಲ್ಲಿ ಆರಂಭವಾದ ಪೋಲಿಯೊ ನಿರ್ಮೂಲನ ಕಾರ್ಯದಲ್ಲಿ ಸರ್ಕಾರ, ವಿಶ್ವ ಆರೋಗ್ಯ ಸಂಸ್ಥೆಗಳ ಜೊತೆ ಸದಸ್ಯರು ಊರೂರಿನ ಬೂತುಗಳಲ್ಲಿ ಕೂತು ಮಕ್ಕಳ ಬಾಯಿಗೆ ಹನಿ ಹಾಕಿದರು. ದೇಶದ ಕೊನೆಯ ವೈಲ್ಡ್ ಪೋಲಿಯೊ ಪ್ರಕರಣ ಪಶ್ಚಿಮ ಬಂಗಾಳದ ಹೌರಾ ಜಿಲ್ಲೆಯಲ್ಲಿ 2011ರ ಜನವರಿಯಲ್ಲಿ ಕಂಡುಬಂತು; 2014ರ ಮಾರ್ಚಿನಲ್ಲಿ ಭಾರತ ಪೋಲಿಯೊಮುಕ್ತವೆಂದು ದೃಢೀಕರಣ ದೊರೆಯಿತು.

ಕನ್ನಡ ನಾಡಿಗೆ ದುಡಿಮೆ–ಸೇವೆಗಳ ನಂಟು ಹೊರಗಿನಿಂದ ಬಂದ ವಿಚಾರವೇನಲ್ಲ. 12ನೆಯ ಶತಮಾನದ ಶರಣರು ಕಾಯಕವನ್ನೂ ದಾಸೋಹವನ್ನೂ ಒಟ್ಟಿಗೇ ಹೇಳಿದರು. ಚಮ್ಮಾರ, ಮಡಿವಾಳ, ಅಂಬಿಗ ಎಲ್ಲರೂ ಕೂತ ಕೂಟ ಅದು. ಹೆಂಗಸರೂ ಅಲ್ಲಿ ವಚನ ಹೇಳಿದರು. ಆದರೆ ಒಂದು ವ್ಯತ್ಯಾಸವಿದೆ. ಸೇವೆ ಮಾಡಿದರೆ ಲಾಭ ಹೆಚ್ಚುತ್ತದೆ ಎಂದರು ಶೆಲ್ಡನ್. ಕಾಯಕದಲ್ಲಿ ಗಳಿಕೆಯ ದಾರಿಯೇ ಶುದ್ಧವಾಗಿರಬೇಕು, ಗಳಿಸಿದ್ದು ಹಂಚಿಹೋಗಬೇಕು. ಲಾಭದ ಆಮಿಷ ಅಲ್ಲಿಲ್ಲ. ಟೇಲರ್ ಅವರ ನಾಲ್ಕು ಪ್ರಶ್ನೆಗಳಲ್ಲಿಯೂ ಲಾಭ ಎಂಬ ಪದವಿಲ್ಲ ಎಂಬುದನ್ನು ಗಮನಿಸಬೇಕು.

ಆದ್ದರಿಂದ ‘ಬದಲಾವಣೆ ಮತ್ತು ಮೌಲ್ಯಗಳು’ ಎಂಬ ಭಾಷಣವನ್ನು ಆಕಳಿಸುತ್ತ ಕೇಳಬೇಕಾಗಿಲ್ಲ. ಚಪ್ಪಾಳೆ ತಟ್ಟಿ ಮರೆಯಬೇಕಾಗಿಯೂ ಇಲ್ಲ. ಬೆಲೆಪಟ್ಟಿಯಲ್ಲಿ, ಜಾಹೀರಾತಿನಲ್ಲಿ, ಕೂಲಿಯ ಬಟವಾಡೆಯಲ್ಲಿ, ಸಣ್ಣ ಸರಬರಾಜುದಾರನ ಬಾಕಿ ಬಿಲ್ಲಿನಲ್ಲಿ ಆ ಮಾತಿನಿಂದ ಏನು ಬದಲಾಯಿತು ಎಂದು ಕೇಳಿದರೆ ಸಾಕು. ಷಿಕಾಗೋದ ಪಾತ್ರೆ ಕಂಪನಿ ಆ ಪ್ರಶ್ನೆಗೆ 500 ಡಾಲರ್ ಎಣಿಸಿ ಉತ್ತರ ಕೊಟ್ಟಿತ್ತು.