ಕೃಪೆಯೂ ಹಕ್ಕೂ

ಕಣ್ಣಿಲ್ಲದ ಗಾಯಕರೊಬ್ಬರ ಬಾಳನ್ನು ಕಣ್ಣಿನ ಕಲೆಯಾದ ಚಲಚ್ಚಿತ್ರವು ಹೇಳಹೊರಟಾಗ ಅದರ ಮೇಲೆ ಎರಡು ಹೊಣೆಗಳು ಬೀಳುತ್ತವೆ. ಅವರ ನಾದಲೋಕವನ್ನು ನೋಡುವವರಿಗೆ ಕಾಣಿಸಬೇಕು. ಅವರಂಥವರಿಗೆ ಕಥೆಯನ್ನು ಕೇಳಿಸಲೂ ಬೇಕು. 1995ರ ‘ಸಂಗೀತ ಸಾಗರ ಗಾನಯೋಗಿ ಪಂಚಾಕ್ಷರ ಗವಾಯಿ’ ಮೊದಲನೆಯ ಹೊಣೆಯನ್ನು ಚೆನ್ನಾಗಿಯೇ ಹೊತ್ತಿದೆ. ಚಿಂದೋಡಿ ಬಂಗಾರೇಶ್ ನಿರ್ದೇಶಿಸಿದ ಈ ಚಿತ್ರದಲ್ಲಿ ಗವಾಯಿಗಳಾಗಿ ಲೋಕೇಶ್ ಅಭಿನಯಿಸಿದರು. ಸಂಗೀತಕ್ಕಾಗಿ ಹಂಸಲೇಖರಿಗೂ ಹಾಡುಗಾರಿಕೆಗಾಗಿ ಎಸ್. ಪಿ. ಬಾಲಸುಬ್ರಹ್ಮಣ್ಯಂ ಅವರಿಗೂ ರಾಷ್ಟ್ರಪ್ರಶಸ್ತಿಗಳು ಬಂದವು.

ಕಥಾನಾಯಕರು ಹುಟ್ಟಿದ್ದು 1892ರಲ್ಲಿ, ಈಗಿನ ಹಾವೇರಿ ಜಿಲ್ಲೆಯ ಕಾಡಶೆಟ್ಟಿಹಳ್ಳಿಯಲ್ಲಿ. ಆಗಿನ ಹೆಸರು ಗದಿಗೆಯ್ಯ, ಹುಟ್ಟುಗುರುಡು. ಆ ಬಾಲಕನ ಕಂಠದಲ್ಲಿದ್ದ ಐಸಿರಿಯನ್ನು ಗುರುತಿಸಿ ಸಂಗೀತ ಕಲಿಯಲು ಅನುವು ಮಾಡಿಕೊಟ್ಟವರು ಹಾನಗಲ್ಲ ಕುಮಾರಸ್ವಾಮಿಗಳು. ಹಿಂದೂಸ್ತಾನಿ, ಕರ್ನಾಟಕ ಪದ್ಧತಿಗಳೆರಡನ್ನೂ ಕರಗತ ಮಾಡಿಕೊಂಡ ಗವಾಯಿಗಳು ತಾವು ಪಡೆದುದನ್ನು ತಮ್ಮಲ್ಲೇ ಇಟ್ಟುಕೊಳ್ಳಲಿಲ್ಲ. ಅಂಧರನ್ನೂ ಅನಾಥರನ್ನೂ ಕೂಡಿಸಿಕೊಂಡು ಅನ್ನವಿಟ್ಟರು, ವಿದ್ಯೆಯಿತ್ತರು. ಗದುಗಿನ ವೀರೇಶ್ವರ ಪುಣ್ಯಾಶ್ರಮ ಅದರ ಫಲ. 1944ರಲ್ಲಿ ಅವರು ಲಿಂಗೈಕ್ಯರಾದ ಮೇಲೆ, ಶೈಶವದಲ್ಲೇ ದೃಷ್ಟಿ ಕಳೆದುಕೊಂಡಿದ್ದ ಶಿಷ್ಯ ಪುಟ್ಟರಾಜ ಗವಾಯಿಗಳು 2010ರವರೆಗೆ ಆ ದೀಪವನ್ನು ಆರಗೊಡಲಿಲ್ಲ. ಅಂಧನು ಹಾಡಿ ಬೇಡುವುದೊಂದನ್ನೇ ಬಲ್ಲನೆಂದು ಲೋಕ ತಿಳಿದಿದ್ದ ಕಾಲದಲ್ಲಿ, ಅಂಧನು ಗುರುವಾಗಬಲ್ಲ, ನೂರಾರು ಜನರಿಗೆ ಆಸರೆಯಾಗಬಲ್ಲ ಎಂದು ಬಾಳಿ ತೋರಿಸಿದವರು ಇವರು.

ಈ ಚಿತ್ರವನ್ನು ನಾನು ಈಚೆಗೆ ಸೈದಾಪುರದಲ್ಲಿ, ಮನೆಯ ಟಿ.ವಿ.ಯಲ್ಲಿ, ನೆರೆಮನೆಯ ಅಂಧ ಯುವಕನೊಡನೆ ಕುಳಿತು ನೋಡಿದೆ. ಹಾಡು ಬಂದಾಗ ಅವನಿಗೆ ನನ್ನ ನೆರವು ಬೇಕಾಗಲಿಲ್ಲ. ಆಲಾಪದ ತಿರುವುಗಳಿಗೆ ನನಗಿಂತ ಮೊದಲೇ ತಲೆದೂಗಿದ. ಮಾತೂ ಹಾಡೂ ನಿಂತೆಡೆಯಲ್ಲಿ ಮಾತ್ರ ಮೆಲ್ಲನೆ ಕೇಳಿದ: “ಸರ್, ಎಲ್ಲರೂ ಸುಮ್ಮನಾಗ್ಯಾರಲ್ರಿ, ಈಗೇನ್ ನಡದದ?” ತೆರೆಯ ಮೇಲಿನದನ್ನು ಹೇಳುತ್ತ ಹೋದೆ. ನಾನು ಹೇಳಿದಷ್ಟೇ ಅವನ ಪಾಲಿನ ಚಿತ್ರ. ಅಂಧರ ಕೀರ್ತಿಯನ್ನು ಸಾರುವ ಚಿತ್ರವೂ ಅಂಧ ರಸಿಕನನ್ನು ಪಕ್ಕದವನ ಸೌಜನ್ಯಕ್ಕೆ ಒಪ್ಪಿಸಿಬಿಟ್ಟಿತ್ತು.

ಇಲ್ಲಿಯೇ ವಿಚಾರಿಸತಕ್ಕ ಮಾತಿದೆ. ಗದಿಗೆಯ್ಯನಿಗೆ ಬಾಗಿಲು ತೆರೆದದ್ದು ಕೃಪೆ. ಕೃಪೆ ದೊಡ್ಡದು, ಆದರೆ ಅದು ಬರುವುದು ಯೋಗಾಯೋಗದಿಂದ. ಕುಮಾರಸ್ವಾಮಿಗಳ ಕಿವಿಗೆ ಬೀಳದ ಕಂಠಗಳು ಎಷ್ಟು ಹಳ್ಳಿಗಳಲ್ಲಿ ಹಾಗೆಯೇ ಅಡಗಿಹೋದವೋ! ಚಿತ್ರ ತೆರೆಕಂಡ 1995ರಲ್ಲಿಯೇ ಸಂಸತ್ತು ಅಂಗವಿಕಲರ ಸಮಾನಾವಕಾಶದ ಮಸೂದೆಯನ್ನು ಅಂಗೀಕರಿಸಿ, 18 ವರ್ಷದವರೆಗಿನ ಉಚಿತ ಶಿಕ್ಷಣವನ್ನು ಸರ್ಕಾರದ ಕರ್ತವ್ಯವಾಗಿಸಿತು. 2016ರ ಕಾಯಿದೆ 21 ಬಗೆಯ ವೈಕಲ್ಯಗಳನ್ನು ಗುರುತಿಸಿ ಹಕ್ಕಿನ ಭಾಷೆಯನ್ನೇ ಆಡಿತು. ದೃಶ್ಯವನ್ನು ಮಾತಿನಲ್ಲಿ ಬಣ್ಣಿಸುವ ಧ್ವನಿವಿವರಣೆ ಚಿತ್ರಗಳಿಗಿರಬೇಕೆಂದು 2024ರಲ್ಲಿ ಕೇಂದ್ರದ ಮಾರ್ಗಸೂಚಿಯೂ ಹೊರಟಿತು.

ಕಾಯಿದೆಗೆ ಕರುಣೆಯ ಬಿಸುಪಿಲ್ಲವೆನ್ನುವವರುಂಟು. ಇಲ್ಲದಿರಬಹುದು. ಆದರೆ ಅದಕ್ಕೆ ಎಲ್ಲ ಊರುಗಳ ವಿಳಾಸವೂ ಗೊತ್ತಿರಬೇಕು, ಸೈದಾಪುರದ್ದೂ ಸಹ. ಗವಾಯಿಗಳನ್ನು ಪೂಜಿಸುವುದು ಸುಲಭ. ಊರ ಶಾಲೆಯಲ್ಲಿ ಅಂಧ ಮಗುವಿಗೆ ಬ್ರೈಲ್ ಪುಸ್ತಕವನ್ನೂ ಅದನ್ನು ಕಲಿಸುವವರನ್ನೂ ಒದಗಿಸುವುದು ಕಷ್ಟ. ಗವಾಯಿಗಳು ತಮ್ಮ ಬಾಳೆಲ್ಲ ಮಾಡಿದ್ದು ಆ ಎರಡನೆಯ ಬಗೆಯ ಕೆಲಸವನ್ನೇ.