ಇಮ್ಮೊಗದ ಸ್ಕೀ: ಪಾದಕ್ಕೆ ನೆಲೆ ಎಲ್ಲಿ?

ಹಿಮ ಬೀಳುವ ನಾಡುಗಳಲ್ಲಿ ಬೆಟ್ಟದ ಇಳಿಜಾರಿನ ಮೇಲೆ ಜಾರಿ ಸಾಗಲು ಕಾಲಿಗೆ ತೊಡುವ ಉದ್ದನೆಯ, ಕಿರಿದಾದ ಹಲಗೆಗಳಿಗೆ ಸ್ಕೀ ಎಂದು ಹೆಸರು. ಸೀಳಿದ ಮರದ ತುಂಡು ಎಂಬ ಅರ್ಥವುಳ್ಳ ಪ್ರಾಚೀನ ನಾರ್ಸ್ ಭಾಷೆಯ ಪದದಿಂದ ಈ ಹೆಸರು ಬಂದಿದೆ. ಸಹಸ್ರಾರು ವರ್ಷಗಳಿಂದ ಮನುಷ್ಯನು ಈ ಹಲಗೆಗಳ ಮೇಲೆ ಮುಂದಕ್ಕೇ ಜಾರುತ್ತ ಬಂದಿದ್ದಾನೆ. ಆದುದರಿಂದ ಸಾಮಾನ್ಯ ಸ್ಕೀಯ ಮುಂತುದಿಯು ದೋಣಿಯ ಮೂತಿಯಂತೆ ಮೇಲಕ್ಕೆ ಬಾಗಿರುತ್ತದೆ. ಹಿಂತುದಿಯು ಬಹುಮಟ್ಟಿಗೆ ಚಪ್ಪಟೆಯಾಗಿರುತ್ತದೆ. ಆ ಚಪ್ಪಟೆ ತುದಿಯನ್ನು ಮುಂದೆ ಮಾಡಿಕೊಂಡು ಮೆದು ಹಿಮದಲ್ಲಿ ಜಾರಲು ಹೊರಟರೆ ಅದು ಹಿಮದೊಳಕ್ಕೆ ಚುಚ್ಚಿಕೊಂಡು, ಮೇಲಿದ್ದವನನ್ನು ಉರುಳಿಸಿಬಿಡುತ್ತದೆ.

ಎರಡು ತುದಿಗಳನ್ನೂ ಮೇಲಕ್ಕೆ ಬಾಗಿಸಿದರೆ ಈ ತೊಡಕು ತಪ್ಪುತ್ತದೆ. ೧೯೯೫ರಲ್ಲಿ ಅಮೆರಿಕದ ಜೇಸನ್ ಲೆವಿಂತಾಲ್ ಎಂಬವರು ಸ್ಥಾಪಿಸಿದ ಲೈನ್ ಕಂಪನಿಯು ಇಂತಹ ಗಿಡ್ಡ ಸ್ಕೀಗಳನ್ನು ತಯಾರಿಸಿತು. ಪೂರ್ಣ ಉದ್ದದ ಸ್ಕೀಗೂ ಇದೇ ರೂಪವನ್ನು ಕೊಡಬೇಕೆಂದು ಕೆನಡದ ಮೈಕ್ ಡಗ್ಲಸ್ ಮತ್ತು ಅವರ ಸಂಗಡಿಗರು ಹಂಬಲಿಸಿದರು. ಅವರ ಸಲಹೆಯಂತೆ ಸಾಲೊಮನ್ ಕಂಪನಿಯು ೧೯೯೮ರಲ್ಲಿ 'ಟೆನ್ ಎಯ್ಟಿ' ಎಂಬ ಸ್ಕೀಯನ್ನು ಹೊರತಂದಿತು. ೧೦೮೦ ಡಿಗ್ರಿ ಎಂದರೆ ಗಾಳಿಯಲ್ಲಿ ಮೂರು ಪೂರ್ಣ ಸುತ್ತು. ಹೆಸರೇ ಅದರ ಉದ್ದೇಶವನ್ನು ಸಾರುತ್ತದೆ. ಬೆನ್ನನ್ನು ಇಳಿಜಾರಿನ ಕಡೆಗೆ ತಿರುಗಿಸಿ ಜಾರುವ ಕ್ರಮಕ್ಕೆ 'ಸ್ವಿಚ್' ಎನ್ನುತ್ತಾರೆ. ೨೦೧೪ರ ಸೋಚಿ ಒಲಿಂಪಿಕ್ಸ್‌ನಲ್ಲಿ ಸ್ಲೋಪ್‌ಸ್ಟೈಲ್, ಹಾಫ್‌ಪೈಪ್ ಎಂಬ ಸ್ಪರ್ಧೆಗಳು ಸ್ಕೀ ಆಟಗಾರರಿಗೂ ಸೇರ್ಪಡೆಯಾದ ಮೇಲೆ, ಹಿಮ್ಮುಖವಾಗಿ ನೆಗೆದು ಹಿಮ್ಮುಖವಾಗಿಯೇ ಇಳಿಯುವ ಈ ವಿದ್ಯೆಯನ್ನು ಜಗತ್ತೇ ಕಂಡಿತು.

ಹಲಗೆಗೇನೋ ಎರಡು ಮೊಗಗಳು ಬಂದವು. ಆದರೆ ಅದರ ಮೇಲೆ ನಿಲ್ಲುವ ಮನುಷ್ಯನಿಗೆ ಇರುವುದು ಒಂದೇ ಮೊಗ. ಅವನ ಮಂಡಿಯು ಒಂದೇ ದಿಕ್ಕಿಗೆ ಮಡಿಯುತ್ತದೆ. ಅವನ ಗಟ್ಟಿಯಾದ ಬೂಟು ಕಾಲನ್ನು ಮುಂದಕ್ಕೆ ಓಲಿಸಿಯೇ ಹಿಡಿದಿರುತ್ತದೆ. ಹೀಗಿರುವಲ್ಲಿ, ಬೂಟನ್ನು ಹಲಗೆಗೆ ಹಿಡಿದಿಡುವ ಬೈಂಡಿಂಗನ್ನು ಎಲ್ಲಿ ಜೋಡಿಸಬೇಕು? ನಟ್ಟನಡುವೆಯೋ, ಕೊಂಚ ಹಿಂದೆಯೋ? ನೋಡಲು ಬಡಗಿಯ ಕೆಲಸದಂತೆ ತೋರುವ ಈ ಪ್ರಶ್ನೆಯಲ್ಲಿ ನಮ್ಮ ಶಾಲೆಯ ಭೌತವಿಜ್ಞಾನವೇ ಅಡಗಿದೆ.

ಹಿಂದೆ ನಿಲ್ಲುವ ರೂಢಿ

ಬೂಟಿನ ಅಟ್ಟೆಯ ನಡುವೆ ಒಂದು ಗುರುತು ಇರುತ್ತದೆ. ಸ್ಕೀಯ ಮೇಲೆಯೂ ತಯಾರಕರು ಒಂದು ಗೆರೆಯನ್ನು ಹಾಕಿರುತ್ತಾರೆ. ಇವೆರಡೂ ಕೂಡುವಂತೆ ಬೈಂಡಿಂಗನ್ನು ಜೋಡಿಸುವುದು ವಾಡಿಕೆ. ಮುಮ್ಮುಖವಾಗಿ ಜಾರುವ ಸಾಮಾನ್ಯ ಸ್ಕೀಗಳಲ್ಲಿ ಈ ಗೆರೆಯು ಹಲಗೆಯ ನಿಜವಾದ ಮಧ್ಯದಿಂದ ಸುಮಾರು ೮ರಿಂದ ೧೨ ಸೆಂಟಿಮೀಟರು ಹಿಂದೆ ಇರುತ್ತದೆ. ಅದಕ್ಕೆ ಕಾರಣಗಳೂ ಉಂಟು. ತಿರುವನ್ನು ಆರಂಭಿಸುವುದು ಹಲಗೆಯ ಮುಂಭಾಗದ ಅಂಚು. ಅದು ಉದ್ದವಾಗಿದ್ದಷ್ಟೂ ಹಿಡಿತವು ಹೆಚ್ಚು. ಮೆದುವಾದ ಹೊಸ ಹಿಮದಲ್ಲಿ ಉದ್ದನೆಯ ಮುಂಭಾಗವು ತೇಲಿ ನಿಲ್ಲುತ್ತದೆ. ಗಿಡ್ಡನೆಯ ಹಿಂಭಾಗವು ತುಸು ಮುಳುಗಿ, ಮೂತಿಯನ್ನು ಇನ್ನಷ್ಟು ಮೇಲೆತ್ತುತ್ತದೆ.

ದಿಕ್ಕನ್ನು ತಿರುಗಿಸಿದೊಡನೆ ಈ ಗುಣಗಳೆಲ್ಲವೂ ದೋಷಗಳಾಗುತ್ತವೆ. ಈಗ ಮುಂದೆ ಹೋಗುವುದು ಗಿಡ್ಡ ಭಾಗ, ಮುಳುಗುವುದೂ ಅದೇ. ಆದುದರಿಂದ ಹಿಮ್ಮುಖ ಜಾರುವಿಕೆಗೆ ಬೈಂಡಿಂಗನ್ನು ಮಧ್ಯದ ಕಡೆಗೆ ಸರಿಸಬೇಕೆಂಬ ಮಾತು ಹುಟ್ಟಿತು. ಎಷ್ಟು ಸರಿಸಿದರೆ ಏನು ಲಾಭವೆಂಬುದನ್ನು ನಾವೀಗ ಲೆಕ್ಕ ಹಾಕಿ ನೋಡೋಣ.

ತಿರುಗುವುದು ಸುಲಭವಾಗುವುದೇ?

'ನಡುವೆ ನಿಂತರೆ ಗಾಳಿಯಲ್ಲಿ ಸುತ್ತುವುದು ಬಹಳ ಸುಲಭ' ಎಂಬ ಮಾತನ್ನು ನಾವು ಕೇಳುತ್ತೇವೆ. ಒಂದು ವಸ್ತು ತಿರುಗಲು ತೋರುವ ಮೊಂಡುತನವನ್ನು ಜಡತ್ವ ಮಹತ್ವ ಎಂಬ ರಾಶಿಯಿಂದ ಅಳೆಯುತ್ತಾರೆ. ಸ್ಕೀಯನ್ನು ಎಲ್ಲೆಡೆಯೂ ಸಮಾನವಾದ ದಂಡವೆಂದು ಭಾವಿಸೋಣ. ಅದರ ತೂಕ ೨ ಕಿಲೋಗ್ರಾಂ, ಉದ್ದ ೧೮೦ ಸೆಂಟಿಮೀಟರು ಇರಲಿ. ತೂಕವನ್ನು ಉದ್ದದ ವರ್ಗದಿಂದ ಗುಣಿಸಿ ೧೨ರಿಂದ ಭಾಗಿಸಿದರೆ, ಮಧ್ಯಬಿಂದುವಿನ ಸುತ್ತ ಅದರ ಜಡತ್ವ ಮಹತ್ವವು ದೊರೆಯುತ್ತದೆ: ೦.೫೪ ಕಿಲೋಗ್ರಾಂ-ಚದರ ಮೀಟರು. ಅಕ್ಷವು ೯ ಸೆಂಟಿಮೀಟರು ಹಿಂದೆ ಇದ್ದರೆ, ತೂಕವನ್ನು ಆ ದೂರದ ವರ್ಗದಿಂದ ಗುಣಿಸಿ ಇದಕ್ಕೆ ಕೂಡಿಸಬೇಕು. ಕೂಡಿಸಬೇಕಾದುದು ಕೇವಲ ೦.೦೧೬, ಎಂದರೆ ನೂರಕ್ಕೆ ಮೂರು ಪಾಲು ಮಾತ್ರ.

ಇದಕ್ಕೆ ಬದಲಾಗಿ, ೫ ಸೆಂಟಿಮೀಟರು ಗಿಡ್ಡನಾದ ಅದೇ ಬಗೆಯ ಸ್ಕೀಯನ್ನು ಕೊಂಡರೆ ಜಡತ್ವ ಮಹತ್ವವು ನೂರಕ್ಕೆ ಎಂಟರಷ್ಟು ಇಳಿಯುತ್ತದೆ! ಸುತ್ತುವುದು ಸುಲಭವಾಗಲೆಂಬುದೊಂದೇ ಉದ್ದೇಶವಾದರೆ ಬೈಂಡಿಂಗನ್ನು ಸರಿಸುವುದು ಬಲು ಸಣ್ಣ ಉಪಾಯ.

ಇನ್ನೊಂದು ಭ್ರಮೆಯನ್ನೂ ಇಲ್ಲಿಯೇ ನಿವಾರಿಸಿಕೊಳ್ಳಬಹುದು. ಬೆಟ್ಟವನ್ನೇರಿಸುವ ತೂಗುಕುರ್ಚಿಯಲ್ಲಿ ಕುಳಿತಾಗ ಹಿಂದೆ ಜೋಡಿಸಿದ ಸ್ಕೀಯ ಮೂತಿ ಕೆಳಕ್ಕೆ ಜಗ್ಗುವುದು ನಿಜ. ಆದರೆ ನೆಗೆದು ಗಾಳಿಯಲ್ಲಿರುವಾಗ ಆಟಗಾರನೂ ಹಲಗೆಯೂ ಒಂದೇ ವೇಗವೃದ್ಧಿಯಿಂದ ಬೀಳುತ್ತಿರುತ್ತಾರೆ. ಆದುದರಿಂದ ಅಲ್ಲಿ ಭಾರವು ಮೂತಿಯನ್ನು ಕೆಳಕ್ಕೆ ಎಳೆಯಲಾರದು.

ನಿಜವಾದ ಲಾಭ: ಸನ್ನೆಯ ತೋಳು

ಲಾಭವಿರುವುದು ಗಾಳಿಯಲ್ಲಿ ಅಲ್ಲ, ನೆಲ ಮುಟ್ಟುವ ಕ್ಷಣದಲ್ಲಿ. ಆಗ ಸ್ಕೀಯು ಒಂದು ಸನ್ನೆ; ಪಾದವು ಅದರ ಆನಿಕೆ. ಹಿಮವು ಹಲಗೆಯನ್ನು ಕೆಳಗಿನಿಂದ ಎಲ್ಲೆಡೆಯೂ ಸಮವಾಗಿ ಒತ್ತುತ್ತದೆಯೆಂದು ಇಟ್ಟುಕೊಳ್ಳೋಣ. ಆನಿಕೆಯಿಂದ ದೂರ ಹೋದಂತೆ ಒತ್ತಡದ ತಿರುಗಿಸುವ ಶಕ್ತಿಯು ಹೆಚ್ಚುವುದರಿಂದ, ಒಂದು ತೋಳು ಆಟಗಾರನನ್ನು ಮುಗ್ಗರಿಸದಂತೆ ತಡೆಯುವ ಬಲವು ಅದರ ಉದ್ದದ ವರ್ಗಕ್ಕೆ ಅನುಗುಣವಾಗಿರುತ್ತದೆ.

ಮಧ್ಯದಿಂದ ೯ ಸೆಂಟಿಮೀಟರು ಹಿಂದೆ ನಿಂತಾಗ ಮುಂದಿನ ತೋಳು ೯೯, ಹಿಂದಿನ ತೋಳು ೮೧ ಸೆಂಟಿಮೀಟರು. ಇವುಗಳ ವರ್ಗಗಳು ಹೆಚ್ಚುಕಡಿಮೆ ೩ಕ್ಕೆ ೨ರ ಪ್ರಮಾಣದಲ್ಲಿವೆ. ಎಂದರೆ ಹಿಮ್ಮುಖವಾಗಿ ಇಳಿದವನಿಗೆ, ಮುಮ್ಮುಖವಾಗಿ ಇಳಿದವನಿಗಿದ್ದ ಆಸರೆಯ ಮೂರರಲ್ಲಿ ಎರಡು ಪಾಲು ಮಾತ್ರ ದೊರೆಯುತ್ತದೆ. ಈಗ ಬೈಂಡಿಂಗನ್ನು ೬ ಸೆಂಟಿಮೀಟರು ಮುಂದಕ್ಕೆ ಸರಿಸೋಣ. ತೋಳುಗಳು ೯೩ ಮತ್ತು ೮೭ ಆಗುತ್ತವೆ. ಪ್ರಮಾಣವು ೮ಕ್ಕೆ ೭. ಎರಡು ದಿಕ್ಕುಗಳಿಗೂ ಆಸರೆಯು ಸರಿಸುಮಾರು ಒಂದೇ ಆಯಿತು. ಇಳಿಯುವಾಗ ಒಂದಿಷ್ಟು ತೂಕ ತಪ್ಪಿದರೂ ಸಾವರಿಸಿಕೊಳ್ಳಲು ಎಡೆಯುಂಟು. ಬೆನ್ನು ಮುಂದಾಗಿ ಇಳಿಯುವವನಿಗೆ ದಾರಿಯು ಪೂರ್ಣವಾಗಿ ಕಾಣುವುದಿಲ್ಲ. ಮಂಡಿಯ ಅಸ್ಥಿರಜ್ಜುಗಳಿಗೆ ಪೆಟ್ಟು ಬೀಳುವುದು ಈ ಆಟದಲ್ಲಿ ಅಪರೂಪವಲ್ಲ. ಅಂಥವನಿಗೆ ಈ ಎಡೆಯು ಅಮೂಲ್ಯವಾದುದು.

ನಮ್ಮ ಲೆಕ್ಕವು ಸ್ಥೂಲವಾದುದು. ನಿಜವಾದ ಸ್ಕೀಯು ಬಳುಕುತ್ತದೆ. ಬಾಗಿದ ತುದಿಗಳು ಗಟ್ಟಿ ಹಿಮವನ್ನು ಮುಟ್ಟುವುದೇ ಇಲ್ಲ. ಆದುದರಿಂದ ಒಟ್ಟು ಉದ್ದಕ್ಕಿಂತ ಹಿಮಕ್ಕೆ ತಾಗುವ ಉದ್ದವೇ ಮುಖ್ಯ. ಆದರೂ ಲಾಭದ ದಿಕ್ಕನ್ನು ಈ ಲೆಕ್ಕವು ಸರಿಯಾಗಿ ತೋರಿಸುತ್ತದೆ.

ತೆರಬೇಕಾದ ಬೆಲೆ

ಹಾಗಾದರೆ ಎಲ್ಲರೂ ನಟ್ಟನಡುವೆಯೇ ನಿಲ್ಲಬಾರದೇಕೆ? ಮುಂದಿನ ತೋಳು ಗಿಡ್ಡವಾದಷ್ಟೂ ಮೆದು ಹಿಮದಲ್ಲಿ ಮೂತಿಯು ಮುಳುಗತೊಡಗುತ್ತದೆ. ವೇಗವಾಗಿ ಇಳಿಯುವಾಗ, ಒರಟು ನೆಲದ ಮೇಲೆ ಸಾಗುವಾಗ ಮುಂಭಾಗದ ಆಸರೆ ಸಾಲದು. ಉದ್ದವಾದ ಹಿಂಭಾಗವು ತಿರುವಿನ ಕೊನೆಯಲ್ಲಿ ಅಂಚನ್ನು ಬಿಡಲು ಹಿಂಜರಿಯುತ್ತದೆ.

ಇನ್ನೂ ಒಂದು ಸಂಗತಿಯುಂಟು. ಸ್ಕೀಯ ಎರಡು ಪಕ್ಕಗಳೂ ನಡುವಿನಲ್ಲಿ ಕಿರಿದಾಗಿ, ತುದಿಗಳಲ್ಲಿ ಅಗಲವಾಗಿರುತ್ತವೆ. ಈ ಸೊಂಟವೇ ತಿರುವಿನ ಕಮಾನನ್ನು ನಿರ್ಧರಿಸುವುದು. ಪಾದದ ಕೆಳಗೆ ಹಲಗೆಯು ಬಿಲ್ಲಿನಂತೆ ಉಬ್ಬಿದ್ದು, ಭಾರವನ್ನು ಉದ್ದಕ್ಕೂ ಹಂಚುತ್ತದೆ. ಸೊಂಟವೂ ಉಬ್ಬೂ ನಟ್ಟನಡುವೆ ಇರುವ ಸ್ಕೀಯಲ್ಲಿ ನಡುವೆ ನಿಲ್ಲುವುದು ಯುಕ್ತ. ಅವು ೬ ಸೆಂಟಿಮೀಟರು ಹಿಂದೆ ಇರುವ ಸ್ಕೀಯಲ್ಲಿ ನಡುವೆ ನಿಂತರೆ, ಎರಡು ತುದಿಗಳು ಬಾಗಿದ್ದರೂ ಹಲಗೆಯು ಎರಡು ದಿಕ್ಕಿಗೂ ತಬ್ಬಿಬ್ಬಾಗುತ್ತದೆ. ತುದಿ ಬಾಗಿದ ಮಾತ್ರಕ್ಕೆ ಸ್ಕೀಯು ಇಮ್ಮೊಗದ್ದಾಗದು; ಸೊಂಟವನ್ನೂ ನೋಡಬೇಕು.

ಆಯ್ಕೆಯ ಕ್ರಮ

ಇವೆಲ್ಲವನ್ನೂ ತೂಗಿ ನೋಡಿದರೆ ಸ್ಥೂಲವಾದ ಒಂದು ಸೂತ್ರವು ದೊರೆಯುತ್ತದೆ. ದಿನದ ಬಹುಪಾಲು ನೆಗೆತದ ದಿಬ್ಬಗಳ ಮೇಲೆ, ಮುಂದೆ ಹಿಂದೆ ಸಮವಾಗಿ ಜಾರುವವರಿಗೆ ನಟ್ಟನಡುವಿನಿಂದ ೩ ಸೆಂಟಿಮೀಟರು ಹಿಂದಿನವರೆಗಿನ ಸ್ಥಾನವು ಒಪ್ಪುತ್ತದೆ. ಬೆಟ್ಟವನ್ನೆಲ್ಲ ಸುತ್ತುತ್ತ, ಆಗಾಗ ಸ್ವಿಚ್ ಜಾರುವವರಿಗೆ ೪ರಿಂದ ೭ ಸೆಂಟಿಮೀಟರು ಹಿಂದಿನ ಸ್ಥಾನವು ಹೊಂದುತ್ತದೆ. ಅಪರೂಪಕ್ಕೆ ಮಾತ್ರ ಹಿಮ್ಮುಖವಾಗುವವರು ಹಳೆಯ ನೆಲೆಯಲ್ಲಿಯೇ ನಿಲ್ಲುವುದು ಮೇಲು. ಎಲ್ಲಕ್ಕೂ ಮೊದಲು ತಯಾರಕರ ಗೆರೆಯನ್ನು ಗೌರವಿಸಬೇಕು. ಸೊಂಟ ಎಲ್ಲಿದೆ, ಉಬ್ಬು ಎಲ್ಲಿದೆ ಎಂಬುದನ್ನು ಬಲ್ಲವರು ಅವರೇ. ಅಲ್ಲಿಂದ ಒಂದೆರಡು ಸೆಂಟಿಮೀಟರು ಸರಿಸುವುದು ರುಚಿಯ ಮಾತು. ಅದಕ್ಕಿಂತ ಹೆಚ್ಚು ಸರಿಸಬೇಕೆನಿಸಿದರೆ ಆ ಸ್ಕೀಯೇ ನಮಗೆ ತಕ್ಕುದಲ್ಲವೆಂದು ತಿಳಿಯಬೇಕು.

ಅವಸರ ಸಲ್ಲದು, ಏಕೆಂದರೆ ಕೊರೆದ ತೂತನ್ನು ಅಳಿಸಲಾಗದು. ಬೈಂಡಿಂಗಿನ ತಿರುಪುಗಳಿಗಾಗಿ ಹಲಗೆಯಲ್ಲಿ ಸುಮಾರು ೯ ಮಿಲಿಮೀಟರು ಆಳದ ತೂತುಗಳನ್ನು ಕೊರೆಯುತ್ತಾರೆ. ಹಳೆಯ ತೂತಿಗೆ ತೀರ ಸಮೀಪದಲ್ಲಿ ಹೊಸದನ್ನು ಕೊರೆದರೆ ನಡುವಣ ಮರವು ದುರ್ಬಲವಾಗಿ, ಹೊಡೆತ ಬಿದ್ದಾಗ ತಿರುಪುಗಳು ಕಿತ್ತುಬರಬಹುದು. ಎರಡಕ್ಕೂ ನಡುವೆ ಕನಿಷ್ಠ ಒಂದು ಸೆಂಟಿಮೀಟರು ಬಿಡುವುದು ಕುಶಲಕರ್ಮಿಗಳ ರೂಢಿ. ಕಂಬಿಯ ಮೇಲೆ ಹಿಂದೆ ಮುಂದೆ ಸರಿಯುವ ಬೈಂಡಿಂಗುಗಳೂ ಉಂಟು. ಬಾಡಿಗೆಯ ಸ್ಕೀಗಳಲ್ಲಿ ಅವು ಸಾಮಾನ್ಯ. ಅಂತಹ ಜೋಡಿಯನ್ನು ಒಂದು ದಿನ ತೊಟ್ಟು, ಎರಡು ಮೂರು ನೆಲೆಗಳನ್ನು ಪರೀಕ್ಷಿಸಿ, ಅನಂತರ ಕೊರೆಯಿಸುವುದು ಜಾಣತನ.

ಬೀಳುವಾಗ ಬೂಟನ್ನು ಬಿಟ್ಟುಕೊಡುವ ಬೈಂಡಿಂಗಿನ ಬಿಗಿತವು ಬೇರೆಯೇ ವಿಷಯ. ಅದನ್ನು ಆಟಗಾರನ ತೂಕ, ಎತ್ತರ, ವಯಸ್ಸು, ಬೂಟಿನ ಅಟ್ಟೆಯ ಉದ್ದ, ನೈಪುಣ್ಯ ಇವುಗಳಿಂದ ಗೊತ್ತುಮಾಡುತ್ತಾರೆ. ನೆಲೆ ಎಲ್ಲಿದ್ದರೂ ಇದನ್ನು ಬಲ್ಲವರಿಂದಲೇ ಹೊಂದಿಸಿಕೊಳ್ಳಬೇಕು.

ಹರಿಗೋಲಿಗೆ ಮುಂದು ಹಿಂದುಗಳಿಲ್ಲ. ಅದು ಎತ್ತ ಬೇಕಾದರೂ ಸಾಗುತ್ತದೆ, ಆದರೆ ದೋಣಿಯಂತೆ ನೇರವಾಗಿ ವೇಗದಿಂದ ಸಾಗದು. ನಟ್ಟನಡುವೆ ಪಾದವಿಟ್ಟ ಸ್ಕೀಯೂ ಹರಿಗೋಲಿನ ಕಡೆಗೆ ವಾಲಿದ ದೋಣಿಯೇ. ಎಷ್ಟು ವಾಲಬೇಕೆಂಬುದನ್ನು, ನಾವು ಎಷ್ಟು ಹೊತ್ತು ಹಿಮ್ಮುಖವಾಗಿ ಜಾರುತ್ತೇವೆ ಎಂಬುದನ್ನು ಪ್ರಾಮಾಣಿಕವಾಗಿ ಎಣಿಸಿಕೊಂಡು ನಿರ್ಧರಿಸಬೇಕು. ಅಳತೆಪಟ್ಟಿಯು ಕೈಗೆ ಬರಬೇಕಾದುದು ಅದಾದ ಮೇಲೆ.